ಚೀನಾದ ಗಿರಿಚಿತ್ರಗಳಲ್ಲಿ ಮಸಿ ಮತ್ತು ಬಣ್ಣ

ಪ್ರಶ್ನೆ: ಮುಳ್ಳಯ್ಯನಗಿರಿಯ ಮಳೆಗಾಲದ ನೋಟವನ್ನು ಚೀನೀ ಶೈಲಿಯಲ್ಲಿ ಬಿಡಿಸಲು ಯತ್ನಿಸುತ್ತಿದ್ದೇನೆ. ಮಸಿಯ ಮೇಲೆ ಹಸಿರು, ನೀಲಿ ಹಚ್ಚಿದೊಡನೆ ಎಲ್ಲವೂ ಕಲಸಿಹೋಗಿ ಮಂಜು ಕಾಣದಾಗುತ್ತದೆ. ಅಲ್ಲಿನ ಕಲಾವಿದರು ಬಣ್ಣವನ್ನು ಹೇಗೆ ಬಳಸುತ್ತಿದ್ದರು?
– ಓದುಗರು, ಚಿಕ್ಕಮಗಳೂರು

ಉತ್ತರ: ಮಸಿ ಮಾಡಬೇಕಾದ ಕೆಲಸವನ್ನು ತಾವು ಬಣ್ಣಕ್ಕೆ ವಹಿಸುತ್ತಿರುವಂತೆ ತೋರುತ್ತದೆ. ಆ ಪರಂಪರೆಯ ಬಹುಪಾಲು ಚಿತ್ರಗಳಲ್ಲಿ ಬೆಟ್ಟದ ಅಂಚು, ಬಂಡೆಯ ಒರಟುತನ, ದೂರ ಹತ್ತಿರಗಳ ಭೇದ ಇವೆಲ್ಲವೂ ಮಸಿಯ ಗಾಢ ಮತ್ತು ತೆಳು ಛಾಯೆಗಳಲ್ಲಿಯೇ ಮುಗಿದಿರುತ್ತವೆ. ಹುವಾಂಗ್ ಗೊಂಗ್‌ವಾಂಗ್ 1350ರಲ್ಲಿ ಪೂರೈಸಿದ ಫುಚುನ್ ಬೆಟ್ಟಗಳ ಸುರುಳಿಚಿತ್ರದಲ್ಲಿ ಬಣ್ಣವೇ ಇಲ್ಲ. ಆದರೂ ಅದರಲ್ಲಿ ಏನೋ ಕೊರತೆಯಿದೆ ಎಂದು ನೋಡುಗರಿಗೆ ಅನಿಸುವುದಿಲ್ಲ. ಬಣ್ಣ ಬೇಕೆನಿಸಿದಾಗ, ಮಸಿ ಪೂರ್ತಿ ಒಣಗಿದ ನಂತರ ಕಾವಿಯನ್ನೂ ಸಸ್ಯಜನ್ಯ ನೀಲಿಯನ್ನೂ ಕೆಳಗಿನ ಗೆರೆ ಕಾಣುವಷ್ಟು ತೆಳುವಾಗಿ ಹರಡುವುದು ಒಂದು ಕ್ರಮ. ತಮ್ಮ ಬೆಟ್ಟಗಳಿಗೆ ಇದೇ ಹೊಂದುತ್ತದೆಂಬುದು ನನ್ನ ಅಭಿಪ್ರಾಯ.

ಇನ್ನೊಂದು ಕ್ರಮ ಹೆಚ್ಚು ಹಳೆಯದು, ಹೆಚ್ಚು ವೈಭವದ್ದು. 1113ರಲ್ಲಿ ತರುಣ ವಾಂಗ್ ಶಿಮೆಂಗ್ ಸುಮಾರು 12 ಮೀಟರ್ ಉದ್ದದ ರೇಷ್ಮೆಯ ಮೇಲೆ ಬಿಡಿಸಿದ ಬೆಟ್ಟಸಾಲುಗಳು ಇಂದಿಗೂ ಹೊಳೆಯುತ್ತಿರುವುದಕ್ಕೆ ಖನಿಜ ವರ್ಣಗಳೇ ಕಾರಣ: ತಾಮ್ರದ ಖನಿಜಗಳಾದ ಅಜುರೈಟ್‌ನಿಂದ ನೀಲಿ, ಮ್ಯಾಲಕೈಟ್‌ನಿಂದ ಹಸಿರು. ಇವನ್ನು ಅರೆದು, ಅಂಟಿನಲ್ಲಿ ಕಲಸಿ, ಕಾವಿಯ ಮೇಲೆ ಪದರ ಪದರವಾಗಿ, ಪ್ರತಿ ಪದರವನ್ನೂ ಒಣಗಿಸಿ ಹಚ್ಚುತ್ತಿದ್ದರು. ಆತುರಕ್ಕೆ ಇಲ್ಲಿ ಎಡೆಯಿಲ್ಲ.

ಮಂಜಿನ ವಿಷಯಕ್ಕೆ ಬಂದರೆ, ಅದನ್ನು ಬಿಳಿ ಬಣ್ಣದಿಂದ ತುಂಬಬೇಕಿಲ್ಲ, ಖಾಲಿ ಬಿಡಬೇಕು. ಬೆಟ್ಟವನ್ನು ಪೂರ್ತಿ ತೋರಿಸಿದರೆ ಅದು ಎತ್ತರವೆನಿಸುವುದಿಲ್ಲ, ಮಂಜು ಅದರ ನಡುವನ್ನು ಮುಚ್ಚಿದಾಗಲೇ ಎತ್ತರವೆನಿಸುತ್ತದೆ ಎಂಬುದು ಹನ್ನೊಂದನೆಯ ಶತಮಾನದ ಗುವೊ ಶೀ ಎಂಬ ಕಲಾವಿದನ ಮಾತು. ಆಷಾಢದಲ್ಲಿ ಮುಳ್ಳಯ್ಯನಗಿರಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಮಂಜಿನ ಜಾಗವನ್ನು ಮೊದಲೇ ನಿರ್ಧರಿಸಿಕೊಂಡು, ಅದರ ಅಂಚಿನಲ್ಲಿ ಮಸಿಯನ್ನು ಬರೀ ನೀರಿನ ಕುಂಚದಿಂದ ಕರಗಿಸುತ್ತಾ ಬನ್ನಿ; ಬಣ್ಣವೂ ಆ ಗಡಿಯನ್ನು ದಾಟದಿರಲಿ.

ಕೊನೆಯದಾಗಿ ಸಾಮಗ್ರಿ. ಬಾಟಲಿಯಲ್ಲಿ ಸಿಗುವ ಕೆಲವು ಮಸಿಗಳು ಒಣಗಿದ ಮೇಲೂ ನೀರು ತಾಗಿದರೆ ಬಿಡುತ್ತವೆ. ತಮ್ಮ ಚಿತ್ರ ಕಲಸಿಹೋಗಲು ಇದೂ ಕಾರಣವಿರಬಹುದು. ಬೇರೆ ಹಾಳೆಯಲ್ಲಿ ಗೆರೆಯೆಳೆದು, ಒಣಗಿಸಿ, ಒದ್ದೆ ಕುಂಚದಿಂದ ಸವರಿ ಪರೀಕ್ಷಿಸಿರಿ. ನೀರನ್ನು ತಕ್ಷಣ ಹೀರುವ ಕಾಗದ ಮಸಿಯ ಹರಿವಿಗೆ ಒಳ್ಳೆಯದು. ಪದರಗಳಲ್ಲಿ ಬಣ್ಣ ಹಚ್ಚುವುದಾದರೆ ಅಂಟು ಮತ್ತು ಪಟಿಕದ ನೀರು ಸವರಿ ಒಣಗಿಸಿದ ಕಾಗದವನ್ನೇ ಆರಿಸಿಕೊಳ್ಳಿ.