‘ಟೆನ್’ ಸ್ಪೆಷಲ್ ಎಡಿಷನ್: ಹಳೆಯ ಸಿಡಿ ಇದ್ದವರು ಮತ್ತೆ ದುಡ್ಡು ಹಾಕಬೇಕಾ?

ನೀವು ಕೇಳಿರುವುದು ಇಷ್ಟು: ಅಮೆರಿಕದ ಪರ್ಲ್ ಜಾಮ್ ರಾಕ್ ಬ್ಯಾಂಡಿನ 1991ರ ‘ಟೆನ್’ ಆಲ್ಬಮ್ಮಿನ ಹಳೆಯ ಸಿಡಿ ನಿಮ್ಮಲ್ಲಿದೆ, ಪೂರ್ತಿ ಬಾಯಿಪಾಠ. 2009ರ ಸ್ಪೆಷಲ್ ಎಡಿಷನ್‌ನಲ್ಲಿ ಇಡೀ ಆಲ್ಬಮ್ಮನ್ನು ರೀಮಿಕ್ಸ್ ಮಾಡಿ ಬೋನಸ್ ಹಾಡುಗಳನ್ನೂ ಸೇರಿಸಿದ್ದಾರೆ. ಮೈಸೂರಿನ ಅಂಗಡಿಗಳಲ್ಲಿ ಸಿಗುತ್ತಿಲ್ಲ, ಹೊರದೇಶದಿಂದ ತರಿಸಬೇಕು. ತರಿಸಬಹುದಾ, ತರಿಸುವುದಾದರೆ ಯಾವುದು?

ತರಿಸಬಹುದು, ಆದರೆ ಎರಡು ಸಿಡಿಯ ಲೆಗಸಿ ಎಡಿಷನ್ ಮಾತ್ರ. ಅದನ್ನೂ ಹೊಸ ಮಿಕ್ಸನ್ನು, ಅಂದರೆ ವಾದ್ಯ, ದನಿಗಳನ್ನು ಹೊಸದಾಗಿ ಬೆರೆಸಿದ ರೂಪವನ್ನು, ಮೊದಲು ಫೋನಿನಲ್ಲಿ ಸರಿಯಾಗಿ ಕೇಳಿ ನೋಡಿದ ಮೇಲೆ. ಬೋನಸ್ ಹಾಡುಗಳ ಆಸೆಗೆ ಅಂತಾದರೆ ಬೇಡ.

ಈ ಆವೃತ್ತಿಯನ್ನು ಬೇರೆ ರೀಮಿಕ್ಸ್ ಎಡಿಷನ್‌ಗಳ ಸಾಲಿಗೆ ಸೇರಿಸಬೇಡಿ. ರಾಕ್ ಆಲ್ಬಮ್‌ಗಳ ಜೊತೆ ಬರುವ ರೀಮಿಕ್ಸ್‌ಗಳಲ್ಲಿ ಹೆಚ್ಚಿನವು ಹಾಡಿನ ದನಿಯನ್ನಷ್ಟೇ ಉಳಿಸಿಕೊಂಡು ಹೊಸ ಬೀಟ್, ಹೊಸ ಸಿಂಥ್ ಕೂರಿಸಿ ಕ್ಲಬ್ಬಿಗೆಂದು ಮಾಡಿದವು. ಯು2 ಬ್ಯಾಂಡಿನ ‘ಆಖ್ಟುಂಗ್ ಬೇಬಿ’ಗೆ 2011ರಲ್ಲಿ ಬಂದ ದೊಡ್ಡ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ತುಂಬ ಇಂಥವೇ. ಒಂದು ಸಲ ಕುತೂಹಲಕ್ಕೆ ಕೇಳುತ್ತೀರಿ, ಎರಡನೇ ಸಲ ಕೈ ತಾನಾಗಿಯೇ ಮೊದಲ ಡಿಸ್ಕಿಗೆ ಹೋಗುತ್ತದೆ. ಲಿಂಕಿನ್ ಪಾರ್ಕ್‌ನವರು ತಮ್ಮ ಮೊದಲ ಆಲ್ಬಮ್ಮಿನ ರೀಮಿಕ್ಸ್‌ಗಳನ್ನು 2002ರಲ್ಲಿ ‘ರೀಅನಿಮೇಶನ್’ ಅಂತ ಪ್ರತ್ಯೇಕ ಆಲ್ಬಮ್ ಮಾಡಿಯೇ ಮಾರಿದರು. ಬೇಕಾದವರು ಕೊಂಡರು, ಬೇಡದವರ ತಲೆಗೆ ಕಟ್ಟಲಿಲ್ಲ. ನನ್ನ ಲೆಕ್ಕದಲ್ಲಿ ಅದೇ ನ್ಯಾಯ.

‘ಟೆನ್’ನಲ್ಲಿ ಆಗಿರುವುದು ಬೇರೆ. ಸಿಯಾಟಲ್‌ನ ಲಂಡನ್ ಬ್ರಿಜ್ ಸ್ಟುಡಿಯೋದಲ್ಲಿ 1991ರಲ್ಲಿ ಧ್ವನಿಮುದ್ರಿಸಿದ ಅದೇ ಟ್ರ್ಯಾಕ್‌ಗಳು, ಅದೇ ಡ್ರಮ್, ಅದೇ ಗಿಟಾರ್, ಅದೇ ಗಾಯಕ ಎಡ್ಡಿ ವೆಡ್ಡರ್. ಒಂದೊಂದು ವಾದ್ಯವನ್ನು ಎಷ್ಟು ಜೋರಾಗಿ, ಎಷ್ಟು ಹತ್ತಿರ, ಎಷ್ಟು ಪ್ರತಿಧ್ವನಿ ಸೇರಿಸಿ ಕೇಳಿಸಬೇಕು ಅನ್ನುವ ತೀರ್ಮಾನಗಳನ್ನಷ್ಟೇ ಹೊಸದಾಗಿ ತೆಗೆದುಕೊಂಡಿದ್ದಾರೆ. ಮೊದಲ ಮಿಕ್ಸ್ ಟಿಮ್ ಪಾಮರ್‌ದು, ಇಂಗ್ಲೆಂಡಿನ ಡಾರ್ಕಿಂಗ್ ಹತ್ತಿರದ ರಿಡ್ಜ್ ಫಾರ್ಮ್ ಸ್ಟುಡಿಯೋದಲ್ಲಿ ಮಾಡಿದ್ದು. ‘ಓಶನ್ಸ್’ ಹಾಡಿಗೆ ತಾಳವಾದ್ಯ ಬೇಕಾದಾಗ ಬಾಡಿಗೆ ಅಂಗಡಿ ದೂರವಾಯಿತೆಂದು ಪಾಮರ್ ಕಾಳುಮೆಣಸಿನ ಪುಡಿಯ ಡಬ್ಬಿಯನ್ನೂ ಬೆಂಕಿ ಆರಿಸುವ ಸಿಲಿಂಡರನ್ನೂ ಬಾರಿಸಿ ಸೇರಿಸಿದ. ಇಷ್ಟು ವರ್ಷ ನಿಮ್ಮ ಕಿವಿಗೆ ಬಿದ್ದಿರುವುದು ಅದೇ. ಆ ಮಿಕ್ಸಿನಲ್ಲಿ ರಿವರ್ಬ್, ಅಂದರೆ ದೊಡ್ಡ ಹಾಲಿನಲ್ಲಿ ಗುಂಯ್ ಎಂದು ತಿರುಗುವಂಥ ಪ್ರತಿಧ್ವನಿ, ಜಾಸ್ತಿಯಾಯಿತು ಅನ್ನುವ ಅಸಮಾಧಾನ ಬ್ಯಾಂಡಿನವರಿಗೇ ಇತ್ತು. ಹಾಗಾಗಿ ಮುಂದಿನ ಆಲ್ಬಮ್‌ಗಳನ್ನು ಮಾಡಿಕೊಟ್ಟ ಬ್ರೆಂಡನ್ ಓಬ್ರಿಯನ್ ಕೈಗೆ ಹಳೆಯ ಟೇಪುಗಳನ್ನು ಕೊಟ್ಟರು. 2009ರ ಎರಡನೇ ಡಿಸ್ಕ್ ‘ಟೆನ್ ರೀಡಕ್ಸ್’ ಅವನದೇ. ಮೊದಲನೇ ಡಿಸ್ಕ್ ಪಾಮರ್ ಮಿಕ್ಸಿನ ರೀಮಾಸ್ಟರ್ ಮಾತ್ರ. ರೀಮಾಸ್ಟರ್ ಅಂದರೆ ಮುಗಿದ ಎರಡು ಚಾನೆಲ್ ಟೇಪಿಗೆ ಈಕ್ವಲೈಸರ್ (ಬಾಸ್, ಟ್ರೆಬಲ್ ಹೆಚ್ಚುಕಮ್ಮಿ ಮಾಡುವುದು), ಲಿಮಿಟರ್ (ಜೋರಾಗಿ ಏರುವ ಸದ್ದನ್ನು ಒಂದು ಮಟ್ಟಕ್ಕೆ ತಡೆಯುವುದು) ಹಾಕಿದ್ದು. ಅದರಲ್ಲಿ ಡ್ರಮ್ ಒಂದನ್ನೇ ಹಿಡಿದು ಮುಂದಕ್ಕೆ ತರಲು ಬರುವುದಿಲ್ಲ.

ಕೊಳ್ಳುವ ಮೊದಲು ಕೇಳಿ ನೋಡುವುದು ಹೇಗೆ ಅಂತ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮುಕ್ಕಾಲು ಜನ ಎಡವುವುದು ಇಲ್ಲೇ. 2009ರ ಡಿಸ್ಕ್‌ಗಳು 1991ರ ಸಿಡಿಗಿಂತ ಜೋರು. ಒಂದೇ ಹಾಡನ್ನು ಒಂದು ಡೆಸಿಬಲ್ ಏರಿಸಿ ಕೇಳಿಸಿದರೂ ನಮ್ಮ ಕಿವಿ ಅದನ್ನು ಜೋರು ಅನ್ನುವುದಿಲ್ಲ, ಚೆನ್ನಾಗಿದೆ ಅನ್ನುತ್ತದೆ. ವಾಲ್ಯೂಮ್ ಸಮ ಮಾಡದೆ ಹೋಲಿಸಿದರೆ ಗೆಲ್ಲುವುದು ಹೊಸದೇ, ಅದು ಹೇಗೇ ಇರಲಿ. ಸ್ಪಾಟಿಫೈನಲ್ಲಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಆಡಿಯೋ ನಾರ್ಮಲೈಸೇಶನ್ ಆನ್ ಮಾಡಿ, ಆ್ಯಪಲ್ ಮ್ಯೂಸಿಕ್‌ನಲ್ಲಾದರೆ ಸೌಂಡ್ ಚೆಕ್. ಈಕ್ವಲೈಸರ್, ಫೋನಿನ ಡಾಲ್ಬಿ ಎಫೆಕ್ಟ್ ಎರಡನ್ನೂ ಆಫ್ ಮಾಡಿ. ಆಮೇಲೆ ಒಂದು ಪ್ಲೇಲಿಸ್ಟ್ ಮಾಡಿ: ಹಳೆಯ ‘ಈವನ್ ಫ್ಲೋ’, ರೀಡಕ್ಸ್‌ನ ‘ಈವನ್ ಫ್ಲೋ’, ಹಳೆಯ ‘ಬ್ಲ್ಯಾಕ್’, ಹೊಸ ‘ಬ್ಲ್ಯಾಕ್’, ಹೀಗೆ ಜೋಡಿಜೋಡಿಯಾಗಿ. ಇಡೀ ಆಲ್ಬಮ್ಮನ್ನು ಸಾಲಾಗಿ ಹಾಕಿದರೆ ಸ್ಪಾಟಿಫೈ ವಾಲ್ಯೂಮನ್ನು ಆಲ್ಬಮ್ಮಿಗೆ ಒಟ್ಟಾಗಿ ಹೊಂದಿಸುತ್ತದೆ, ಬೆರಕೆ ಪ್ಲೇಲಿಸ್ಟಿನಲ್ಲಿ ಹಾಡುಹಾಡಿಗೆ ಹೊಂದಿಸುತ್ತದೆ. ನಮಗೆ ಬೇಕಿರುವುದು ಎರಡನೆಯದು. ವೈರ್ ಇರುವ ಹೆಡ್‌ಫೋನ್ ಹಾಕಿಕೊಳ್ಳಿ. ಯೂಟ್ಯೂಬಿನಲ್ಲಿ ಯಾರೋ ಏರಿಸಿದ ಫೈಲುಗಳನ್ನು ಹೋಲಿಸಲು ಹೋಗಬೇಡಿ, ಯಾವ ಡಿಸ್ಕಿನಿಂದ ತೆಗೆದದ್ದೋ ಗೊತ್ತಾಗುವುದಿಲ್ಲ.

ಕಿವಿ ಕೊಡಬೇಕಾದದ್ದು ಒಂದು: ಛಟ್ ಎಂದು ಕೇಳುವ ಸ್ನೇರ್ ಡ್ರಮ್ಮಿಗೆ ಏಟು ಬಿದ್ದ ಮೇಲೆ ಉಳಿಯುವ ಬಾಲ. ‘ಈವನ್ ಫ್ಲೋ’ದ ಹಳೆಯ ಮಿಕ್ಸಿನಲ್ಲಿ ಏಟು ಮುಗಿದರೂ ದನಿ ಹಿಂದಿನ ಗೋಡೆಗೆ ತಗುಲಿ ಮುಂದಿನ ಏಟಿನವರೆಗೆ ಹರಡಿಕೊಂಡೇ ಇರುತ್ತದೆ. ರೀಡಕ್ಸ್‌ನಲ್ಲಿ ಏಟು ಬಿತ್ತು, ನಿಂತಿತು. ಆ ಜಾಗ ಖಾಲಿಯಾದದ್ದರಿಂದ ಎರಡು ಗಿಟಾರುಗಳು ಎಡಕ್ಕೊಂದು ಬಲಕ್ಕೊಂದು ಬಿಡಿಸಿ ಕೇಳುತ್ತವೆ, ವೆಡ್ಡರ್ ನಾಲ್ಕು ಹೆಜ್ಜೆ ಮುಂದೆ ಬಂದು ಹಾಡಿದಂತಾಗುತ್ತದೆ. ‘ಪೋರ್ಚ್’ ಥರದ ವೇಗದ ಹಾಡಿಗೆ ಇದು ಲಾಭ. ‘ಓಶನ್ಸ್’, ‘ರಿಲೀಸ್’ ಹಾಡುಗಳಿಗೆ ನನ್ನ ಕಿವಿಯಲ್ಲಿ ನಷ್ಟ, ಅವು ನಿಂತಿರುವುದೇ ಆ ಗುಂಯ್ ಮೇಲೆ. ಹನ್ನೊಂದರಲ್ಲಿ ಐದಾರು ಹಾಡು ಹೊಸ ಮಿಕ್ಸಿನಲ್ಲೇ ಮೇಲು ಅನ್ನಿಸಿದರೆ ಕೊಳ್ಳಿ. ಒಂದೆರಡೇ ಅನ್ನಿಸಿದರೆ ಪ್ಲೇಲಿಸ್ಟ್ ಸಾಕು. ಅಷ್ಟೂ ಪುರುಸೊತ್ತಿಲ್ಲ ಅನ್ನುವವರಿಗೆ 2004ರ ‘ರಿಯರ್‌ವ್ಯೂಮಿರರ್’ ಸಂಕಲನ ಇದೆ. ಅದರಲ್ಲಿರುವ ‘ಒನ್ಸ್’, ‘ಅಲೈವ್’, ‘ಬ್ಲ್ಯಾಕ್’ ಮೂರೂ ಓಬ್ರಿಯನ್ ಮಿಕ್ಸ್.

ನಿಮ್ಮ ಸಿಡಿಯನ್ನೇ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ನೋಡುವುದಾದರೆ ಯುಎಸ್‌ಬಿ ಡಿವಿಡಿ ಡ್ರೈವ್ ಒಂದು ಬೇಕು. ಎಕ್ಸಾಕ್ಟ್ ಆಡಿಯೋ ಕಾಪಿ ತಂತ್ರಾಂಶದ ಸೆಕ್ಯೂರ್ ಮೋಡ್‌ನಲ್ಲಿ ವೇವ್ ಫೈಲಾಗಿ ತೆಗೆಯಿರಿ. ಫೂಬಾರ್2000 ಅನ್ನುವ ಪ್ಲೇಯರಿನಲ್ಲಿ ಹಳೆಯ, ಹೊಸ ಎರಡೂ ಫೈಲುಗಳನ್ನು ಆರಿಸಿ, ರೈಟ್ ಕ್ಲಿಕ್ ಮಾಡಿ, ರೀಪ್ಲೇಗೇನ್ ಸ್ಕ್ಯಾನ್ ಕೊಟ್ಟು, ಪ್ಲೇಬ್ಯಾಕ್ ಪ್ರಿಫರೆನ್ಸ್‌ನಲ್ಲಿ ಟ್ರ್ಯಾಕ್ ಗೇನ್ ಆರಿಸಿದರೆ ವಾಲ್ಯೂಮ್ ಸಮವಾಯಿತು. ಧ್ವನಿ ತಿದ್ದುವ ಅಡಾಸಿಟಿ ತಂತ್ರಾಂಶದಲ್ಲಿ ತೆರೆದು ಅಲೆಗಳ ಆಕಾರ ನೋಡಿದರೆ ಲಿಮಿಟರ್ ಎಷ್ಟು ಒತ್ತಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. 1991ರದ್ದರಲ್ಲಿ ಡ್ರಮ್ಮಿನ ಏಟುಗಳು ಮೇಲಕ್ಕೆ ಚಾಚಿಕೊಂಡಿರುತ್ತವೆ, ಹೊಸದರಲ್ಲಿ ತಲೆ ಸವರಿದ ಬೇಲಿಗಿಡದ ಹಾಗೆ ಒಂದೇ ಮಟ್ಟ.

ಮೊದಲನೇ ಡಿಸ್ಕಿನ ರೀಮಾಸ್ಟರ್ ನಿಮ್ಮ ಕಿವಿಗೆ ನಿಜಕ್ಕೂ ಬೇರೆಯಾಗಿ ಕೇಳುತ್ತದಾ ಅಂತ ಅನುಮಾನವಿದ್ದರೆ ಫೂಬಾರ್‌ಗೆ ಎಬಿಎಕ್ಸ್ ಕಾಂಪೊನೆಂಟ್ ಹಾಕಿ (ಅದು ಯಾವ ಫೈಲೆಂದು ಹೇಳದೆ ಕೇಳಿಸುತ್ತದೆ) 16 ಸಲ ಊಹಿಸಿ. 12 ಅಥವಾ ಹೆಚ್ಚು ಸರಿಯಾದರೆ ವ್ಯತ್ಯಾಸ ಕೇಳುತ್ತಿದೆ ಎಂದು ನಂಬಬಹುದು. ರೀಡಕ್ಸ್‌ಗೆ ಈ ಪರೀಕ್ಷೆ ಬೇಡ, ಕಣ್ಣು ಮುಚ್ಚಿಕೊಂಡೇ ಹೇಳುತ್ತೀರಿ.

ಕೆಲವರು ಒಂದು ಫೈಲಿನ ಅಲೆಗಳನ್ನು ಇನ್ವರ್ಟ್, ಅಂದರೆ ತಲೆಕೆಳಗು ಮಾಡಿ ಇನ್ನೊಂದರ ಮೇಲೆ ಕೂರಿಸಿ, ಪೂರ್ತಿ ನಿಶ್ಶಬ್ದವಾದರೆ ಎರಡೂ ಒಂದೇ, ಆಗದಿದ್ದರೆ ಹೊಸ ಮಿಕ್ಸ್ ಅನ್ನುತ್ತಾರೆ. ಮೊದಲರ್ಧ ಸರಿ, ಎರಡನೇ ಅರ್ಧ ತಪ್ಪು. ಹಳೆಯ ಅನಲಾಗ್ ಟೇಪನ್ನು ಮತ್ತೊಮ್ಮೆ ಡಿಜಿಟಲ್ ಮಾಡಿದಾಗ ಟೇಪಿನ ವೇಗ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಗುವುದರಿಂದ, ಮಿಕ್ಸ್ ಅದೇ ಆಗಿದ್ದರೂ ಎರಡು ಫೈಲು ಒಂದನ್ನೊಂದು ಅಳಿಸುವುದಿಲ್ಲ.

ಈಗ ಬೋನಸ್. ಎರಡನೇ ಡಿಸ್ಕಿನ ಕೊನೆಗೆ ಆರು ಹಾಡು. ‘ಬ್ರದರ್’ ಒಂದೇ ಪೂರ್ತಿ ತಯಾರಾದ ಹಾಡು ಅನ್ನಬಹುದು. 2003ರ ‘ಲಾಸ್ಟ್ ಡಾಗ್ಸ್’ನಲ್ಲಿ ಅದರ ವಾದ್ಯದ ರೂಪ ಮಾತ್ರ ಇತ್ತು, ಇಲ್ಲಿ ಗಾಯನವೂ ಇದೆ. ‘ಸ್ಟೇಟ್ ಆಫ್ ಲವ್ ಆ್ಯಂಡ್ ಟ್ರಸ್ಟ್’, ‘ಬ್ರೆತ್ ಆ್ಯಂಡ್ ಎ ಸ್ಕ್ರೀಮ್’ ಎರಡೂ ಮೊದಮೊದಲ ಕರಡುಗಳು. ಇವು ಕೊನೆಗೆ ಪಡೆದ ರೂಪ 1992ರ ‘ಸಿಂಗಲ್ಸ್’ ಚಿತ್ರದ ಆಲ್ಬಮ್ಮಿನಲ್ಲಿದೆ, ಅದೇ ಚೆನ್ನ. ಉಳಿದ ಮೂರರಲ್ಲಿ ‘ಜಸ್ಟ್ ಎ ಗರ್ಲ್’ ಡೆಮೋ, ಮಿಕ್ಕ ಎರಡು ಸ್ಟುಡಿಯೋದ ಹರಟೆ. ಅಭಿಮಾನಿ ಒಮ್ಮೆ ಕೇಳಿ ನಗಬಹುದು, ಅದಕ್ಕೆ ಕಸ್ಟಮ್ಸ್ ಕಟ್ಟುವಂಥದ್ದೇನಿಲ್ಲ.

ಲೆಗಸಿ ಬಿಟ್ಟರೆ ಇನ್ನು ಮೂರು ಆವೃತ್ತಿಗಳಿವೆ. ಡಿಲಕ್ಸ್‌ನಲ್ಲಿ ಇದೇ ಎರಡು ಸಿಡಿ, ಜೊತೆಗೆ 1992ರ ಎಂಟಿವಿ ಅನ್‌ಪ್ಲಗ್ಡ್ ಕಾರ್ಯಕ್ರಮದ ಡಿವಿಡಿ. ಅದು ಬೇಕಾದರೆ ಮಾತ್ರ ಇದು, ಕೊಳ್ಳುವ ಮೊದಲು ರೀಜನ್ ಕೋಡ್ (ಡಿವಿಡಿ ಯಾವ ದೇಶದ ಪ್ಲೇಯರಿನಲ್ಲಿ ಓಡುತ್ತದೆ ಅನ್ನುವ ಸಂಖ್ಯೆ) ನೋಡಿ, ಭಾರತದ್ದು 5. ವಿನೈಲ್ ಆವೃತ್ತಿಯಲ್ಲಿ ಒಂದು ಎಲ್‌ಪಿ ಹಳೆಯ ಮಿಕ್ಸ್, ಒಂದು ಹೊಸದು. ಇದನ್ನು ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆಲ್ಬಮ್ 53 ನಿಮಿಷ, ಅಂದರೆ ಒಂದೊಂದು ಬದಿಗೆ 26 ನಿಮಿಷದ ಮೇಲೆ. ಮೂವತ್ತಮೂರು ಆರ್‌ಪಿಎಂನ ಹನ್ನೆರಡು ಇಂಚಿಗೆ 20-22 ನಿಮಿಷ ಹಿತ. ಅದನ್ನು ಮೀರಿದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಅದಕ್ಕೆ ಲೆವೆಲ್ ಇಳಿಸಿ ಬಾಸ್ ತಗ್ಗಿಸಬೇಕು, ಆಗ ಕರಕರ ಸದ್ದು ಮೇಲೆ ಬರುತ್ತದೆ. ಬದಿಯ ಕೊನೆಯ ಹಾಡು ಲೇಬಲ್ಲಿಗೆ ಹತ್ತಿರವಾದಷ್ಟೂ ‘ಸ’ಕಾರ ಚಿಂದಿಯಾಗುತ್ತದೆ. ಸೂಪರ್ ಡಿಲಕ್ಸ್ ಪೆಟ್ಟಿಗೆಯಲ್ಲಿ ನಾಲ್ಕು ಎಲ್‌ಪಿ, ಡೆಮೋ ಕ್ಯಾಸೆಟ್ಟಿನ ನಕಲು, ನೋಟ್‌ಬುಕ್ಕಿನ ನಕಲು ಎಲ್ಲ ಇದೆ. ದುಡ್ಡಿನ ಬಹುಪಾಲು ಹೋಗುವುದು ರಟ್ಟು ಕಾಗದಕ್ಕೆ.

ವಿಶೇಷ ಆವೃತ್ತಿ ಅಂದಾಗ ನಮ್ಮೂರಿನವರಿಗೆ ಒಂದು ಅಳತೆಗೋಲು ಸಿಗುತ್ತದೆ. ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟು, ರಷ್ಯನ್ ರಚನಕಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿದ್ದನ್ನು ಎಚ್‌ಎಂವಿಯಲ್ಲಿ ಧ್ವನಿಮುದ್ರಣ ಮಾಡಿಸಿದರು. ಮೆಟ್ನರ್ ತನ್ನ ಮೂರನೇ ಪಿಯಾನೋ ಕಾನ್ಚೆರ್ಟೋವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ. ಆ ತಟ್ಟೆಗಳು ಇಲ್ಲದಿದ್ದರೆ ಆ ನುಡಿಸಾಣಿಕೆ ನಮಗೆ ಉಳಿಯುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಬೇರೆಲ್ಲೂ ಸಿಗದ ಸದ್ದು ಎಷ್ಟು ನಿಮಿಷ ಇದೆ ಅಂತ ಲೆಕ್ಕ ಹಾಕಿ. ‘ಟೆನ್’ನಲ್ಲಿ ಸ್ಟುಡಿಯೋ ಧ್ವನಿಮುದ್ರಣದ ಮಟ್ಟಿಗೆ ಅದು ಬಹುಪಾಲು ಲೆಗಸಿಯ ಎರಡನೇ ಡಿಸ್ಕಿನಲ್ಲೇ ಮುಗಿಯಿತು.

ತರಿಸುವ ಖರ್ಚಿನ ಲೆಕ್ಕ ಹೀಗೆ: ಡಿಸ್ಕಿನ ಬೆಲೆ, ಸಾಗಣೆ, ವಿಮೆ ಮೂರನ್ನೂ ಕೂಡಿಸಿ ಅದರ ಮೇಲೆ ಕಸ್ಟಮ್ಸ್ ಸುಂಕ. ಸುಂಕ ಸೇರಿದ ಮೊತ್ತದ ಮೇಲೆ ಮತ್ತೆ ಐಜಿಎಸ್‌ಟಿ. ಹಾಗಾಗಿ ಭಾರದ ಪೆಟ್ಟಿಗೆಗೆ ಸಾಗಣೆ ಏರಿದರೆ ತೆರಿಗೆಯೂ ಏರುತ್ತದೆ. ಗಿಫ್ಟ್ ಅಂತ ಬರೆಸಿದರೆ ತೆರಿಗೆ ಇಲ್ಲ ಅನ್ನುವ ಉಪಾಯ ಈಗ ನಡೆಯುವುದಿಲ್ಲ, ಆ ವಿನಾಯಿತಿಯನ್ನು 2019ರ ಡಿಸೆಂಬರಿನಲ್ಲೇ ತೆಗೆದರು. ಬೆಂಗಳೂರಿನಲ್ಲಿ ಈಗಾಗಲೇ ಇಳಿದಿರುವ ಸೆಕೆಂಡ್ ಹ್ಯಾಂಡ್ ಪ್ರತಿ ಸಿಕ್ಕರೆ, ಬೆಲೆ ಸ್ವಲ್ಪ ಜಾಸ್ತಿ ಕಂಡರೂ ಕೊನೆಗೆ ಅದೇ ಅಗ್ಗ. ಮಾರುವವರಿಂದ ಎರಡು ಡಿಸ್ಕಿನ ಹೊಳೆಯುವ ಬದಿಯ ಫೋಟೋ, ನಡುವಿನ ರಿಂಗ್‌ನಲ್ಲಿ ಕೊರೆದ ಮ್ಯಾಟ್ರಿಕ್ಸ್ ನಂಬರ್, ಹಿಂಬದಿಯ ಬಾರ್‌ಕೋಡ್ ಕೇಳಿ ತರಿಸಿಕೊಂಡು, ಆಲ್ಬಮ್ ಪ್ರತಿಗಳ ವಿವರ ಪಟ್ಟಿ ಮಾಡುವ ಜಾಲತಾಣ ಡಿಸ್ಕಾಗ್ಸ್‌ನಲ್ಲಿರುವ ವಿವರಕ್ಕೆ ತಾಳೆ ನೋಡಿ. ಹಾಡುಗಳ ಪಟ್ಟಿಯಲ್ಲಿ 11 ಮಾತ್ರ ಇದ್ದರೆ ಅದು ಲೆಗಸಿ ಅಲ್ಲ, ಬೇರೆ ಯಾವುದೋ ಪ್ರತಿ.

ಬಂದ ಮೇಲೆ ಡಿಸ್ಕನ್ನು ರಟ್ಟಿನ ಕವರಿನಲ್ಲಿ ಬೆತ್ತಲೆ ಇಡಬೇಡಿ, ಎಳೆದಾಗಲೆಲ್ಲ ಗೀರು ಬೀಳುತ್ತದೆ. ತೆಳು ಪಾಲಿ ಕವರಿಗೆ ಹಾಕಿ ಆಮೇಲೆ ರಟ್ಟಿಗೆ ಸೇರಿಸಿ. ಮಳೆಗಾಲದಲ್ಲಿ ಹೊರಗೋಡೆಗೆ ಅಂಟಿದ ಕಡಪ ಕಲ್ಲಿನ ಶೆಲ್ಫು ತೇವ ಹಿಡಿಯುತ್ತದೆ, ಬುಕ್‌ಲೆಟ್ಟಿನ ನುಣುಪು ಹಾಳೆಗಳು ಒಂದಕ್ಕೊಂದು ಅಂಟಿಕೊಂಡರೆ ಬಿಡಿಸುವಾಗ ಬಣ್ಣ ಎದ್ದು ಬರುತ್ತದೆ. ಒಳಗೋಡೆಯ ಮರದ ಬೀರುವಿನಲ್ಲಿಟ್ಟು ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ.

ಮತ್ತೆ, ಹೊಸದು ಬಂತೆಂದು ಹಳೆಯ ಸಿಡಿ ಮಾರಬೇಡಿ. ಲಿಮಿಟರ್ ಒತ್ತದ ಪಾಮರ್ ಮಿಕ್ಸ್ ಇರುವುದು ಅದರಲ್ಲೇ, ಲೆಗಸಿಯ ಎರಡು ಡಿಸ್ಕಿನಲ್ಲಿ ಯಾವುದರಲ್ಲೂ ಅದಿಲ್ಲ.