ಒಂಬತ್ತನೇ ಪುಟದ ತಮ್ಮ

ಪ್ರಿಯ ಸಹೋದರರೇ,

ಕ್ರಿಸ್ತನಲ್ಲಿ ವಂದನೆಗಳು. ‘ದೇವರಿಗೆ ಅಧೀನತೆ, ಪಾಪದ ಮೇಲೆ ಜಯ’ ಎಂಬ ನಿಮ್ಮ ಹನ್ನೆರಡು ಪುಟದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಕಾರಣ ಒಂಬತ್ತನೇ ಪುಟದಲ್ಲಿದೆ.

ಮೊದಲ ಎಂಟು ಪುಟಗಳಲ್ಲಿ ಪಾಪ ಎಂಬ ಮಾತು ಸಾಲುಸಾಲಿಗೂ ಬರುತ್ತದೆ. ಯಾವ ಪಾಪ ಅಂತ ಮಾತ್ರ ಎಲ್ಲೂ ಇಲ್ಲ. ಸಮರ್ಪಣೆ, ಶರಣಾಗತಿ ಎಲ್ಲ ಇದೆ. ಯಾರು, ಯಾವತ್ತು, ಏನನ್ನು ಒಪ್ಪಿಸಿಕೊಟ್ಟರು ಅಂತ ಇಲ್ಲ. ದೇವಾಲಯದ ಹೊರಗೆ ನಿಂತು ಪ್ರಸಂಗ ಕೇಳಿದ ಹಾಗಾಯಿತು. ದನಿ ಕೇಳಿಸುತ್ತದೆ, ಮಾತು ಸಿಗುವುದಿಲ್ಲ.

ಆಮೇಲೆ ಒಂಬತ್ತನೇ ಪುಟದಲ್ಲಿ ಈ ಸಾಲು: ‘ಜಮೀನು ಭಾಗವಾದ ಮೇಲೆ ಮೂರು ವರ್ಷ ತಮ್ಮನ ಜೊತೆ ಮಾತು ಬಿಟ್ಟಿದ್ದೆ. ಒಂದು ರಾತ್ರಿ ಕರ್ತನು ನನ್ನನ್ನು ಮುರಿದನು, ಫೋನ್ ಮಾಡಿದೆ.’ ಮರುಸಾಲಿಗೇ ನೀವು ಗ್ರೀಕ್ ಪದದ ಅರ್ಥ ಹೇಳಲು ಓಡಿದ್ದೀರಿ. ಯಾಕೆ ಓಡಿದಿರಿ? ನಿಮ್ಮ ಲೇಖನ ಇರುವುದೇ ಆ ಸಾಲಿನಲ್ಲಿ.

ನೀವು ಆಧಾರವಾಗಿ ಹಿಡಿದಿರುವುದು ಬೈಬಲಿನಲ್ಲಿ ಯಾಕೋಬ ಬರೆದ ಪತ್ರದ 4ನೇ ಅಧ್ಯಾಯ, 7ನೇ ವಚನ. ದೇವರಿಗೆ ಒಳಗಾಗಿ, ಸೈತಾನನನ್ನು ಎದುರಿಸಿ ಎನ್ನುವ ವಚನ. ಆ ಅಧ್ಯಾಯವನ್ನು ಮೊದಲಿಂದ ಓದಿ. ನಿಮ್ಮಲ್ಲಿ ಜಗಳಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆಯಿಂದಲೇ ಅದು ಶುರುವಾಗುತ್ತದೆ. 11ನೇ ವಚನದಲ್ಲಿ ಸಹೋದರರು ಒಬ್ಬರನ್ನೊಬ್ಬರು ಹಳಿಯಬಾರದು ಅಂತ ಇದೆ. ನಿಮ್ಮ ತಮ್ಮ ಆ ಅಧ್ಯಾಯದ ಒಳಗೇ ಇದ್ದಾರೆ! 7ನೇ ವಚನವನ್ನು ಮಾತ್ರ ಕಿತ್ತು ತಂದಿದ್ದರಿಂದ ಅವರು ಹೊರಗೆ ಉಳಿದರು. 6ನೇ ವಚನವೂ ಬಿಟ್ಟುಹೋಗಿದೆ. ದೇವರು ದೀನರಿಗೆ ಕೃಪೆ ಕೊಡುತ್ತಾನೆ ಎನ್ನುವುದು ಅಲ್ಲೇ ಇರುವುದು. ಮೊದಲು ಕೃಪೆ, ಒಳಗಾಗುವುದು ಆಮೇಲೆ. ನಿಮ್ಮ ಬರಹದಲ್ಲಿ ಉಪವಾಸ, ನಿರ್ಧಾರ, ಹೋರಾಟ ಜಾಸ್ತಿ. ಕೃಪೆ ಎಂಬ ಮಾತು ಒಂದೇ ಸಲ ಬಂದಿದೆ. ಸೋತು ಕೂತವರು ಇದನ್ನು ಓದಿದರೆ, ಇದೂ ನಾನೇ ಪಾಸಾಗಬೇಕಾದ ಪರೀಕ್ಷೆ ಅಂದುಕೊಳ್ಳುತ್ತಾರೆ, ಅಲ್ವಾ?

ಯೇಸು ಹಿಡಿಯಲ್ಪಡುವ ಮುಂಚೆ ಪ್ರಾರ್ಥಿಸಿದ ಗೆತ್ಸೇಮನೆ ತೋಟವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಿ. ಮತ್ತಾಯನ ಸುವಾರ್ತೆಯ 26ನೇ ಅಧ್ಯಾಯದಲ್ಲಿ ಯೇಸು ಮೂರು ಸಲ ಪ್ರಾರ್ಥಿಸುತ್ತಾನೆ. ಮೊದಲ ಸಲ, ಸಾಧ್ಯವಾದರೆ ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಅಂತ ಕೇಳುತ್ತಾನೆ. ಪಾತ್ರೆ ಅಂದರೆ ಮುಂದೆ ಕಾದಿದ್ದ ಸಂಕಟ. ಎರಡನೇ ಸಲ ಮಾತು ಬದಲಾಗಿದೆ. ನಾನು ಕುಡಿಯದ ಹೊರತು ಇದು ಹೋಗದಿದ್ದರೆ ನಿನ್ನ ಚಿತ್ತದಂತೆಯೇ ಆಗಲಿ ಅನ್ನುತ್ತಾನೆ. ಮೂರನೇ ಸಲವೂ ಅದೇ ಮಾತು. ಪಾಪವೇ ಇಲ್ಲದವನು ಬೆವರು ಸುರಿಸಿ ಮೂರು ಸಲ ಹೇಳಿದ ಮಾತನ್ನು ನಾವು ಒಂದು ಪ್ರಾರ್ಥನಾ ಕೂಟದಲ್ಲಿ ಕೈ ಎತ್ತಿ ಮುಗಿಸಿಬಿಡುತ್ತೇವೆ.

ಯೇಸುವನ್ನು ಕಂಡು ಬದಲಾದ ಸುಂಕದ ಅಧಿಕಾರಿ ಜಕ್ಕಾಯನ ಕಥೆ ಹೇಳಿದ್ದೀರಿ, ಅವನ ಲೆಕ್ಕ ಬಿಟ್ಟಿದ್ದೀರಿ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್. ಅದನ್ನು ಸೇರಿಸಿ.

ಇನ್ನು ಹಳೆಯ ಕಾಲದ ಕ್ರೈಸ್ತ ಗುರು ಆಗಸ್ಟೀನ್. ಇಟಲಿಯ ಮಿಲಾನಿನ ತೋಟದಲ್ಲಿ ಮನಸ್ಸು ತಿರುಗಿದ ಮೇಲೆ ಅವರಿಗೆ ಶೋಧನೆಯೇ, ಅಂದರೆ ಪಾಪದ ಸೆಳೆತವೇ ಬರಲಿಲ್ಲ ಎಂದು ಬರೆದಿದ್ದೀರಿ. ಇದು ತಪ್ಪು. ತೋಟದ ಘಟನೆ ಕ್ರಿ.ಶ. 386ರದ್ದು. ಅದಾಗಿ ಹತ್ತು ವರ್ಷ ಕಳೆದ ಮೇಲೆ, ಉತ್ತರ ಆಫ್ರಿಕಾದ ಹಿಪ್ಪೋದಲ್ಲಿ ಬಿಷಪ್ ಆಗಿದ್ದಾಗ, ಅವರು ತಮ್ಮ ಬದುಕಿನ ಕಥೆ ಬರೆದರು. ಅದರಲ್ಲಿ ಊಟದ ಆಸೆ, ಹೊಗಳಿಕೆಯ ಆಸೆ, ಕನಸುಗಳು ಈಗಲೂ ಕಾಡುತ್ತವೆ ಅಂತ ಒಪ್ಪಿಕೊಳ್ಳುತ್ತಾರೆ. ನೀವೂ ‘ಆ ರಾತ್ರಿಯ ನಂತರ ನನಗೆ ಕೋಪವೇ ಬಂದಿಲ್ಲ’ ಎಂದಿದ್ದೀರಿ. ನಿಜವಾಗಿದ್ದರೆ ಇರಲಿ. ಬೇಲಿಯ ಮಾತು ಬಂದಾಗ ಈಗಲೂ ಒಳಗೆ ಕುದಿಯುತ್ತದೆ ಅಂತಾದರೆ ಅದನ್ನೇ ಬರೆಯಿರಿ. ಸಾಕ್ಷಿ ಹೇಳುವಾಗ ಸುಳ್ಳು ಸೇರಬಾರದು.

ನನ್ನದೂ ಒಂದು ಹೇಳುತ್ತೇನೆ. ನಮ್ಮ ಚರ್ಚಿನ ಲೆಕ್ಕಪತ್ರದ ವಿಷಯದಲ್ಲಿ ಹಿರಿಯರೊಬ್ಬರ ಮೇಲೆ ನನಗೆ ಸಿಟ್ಟಿತ್ತು. ಅವರ ತಪ್ಪುಗಳನ್ನೆಲ್ಲ ತಾರೀಖು ಹಾಕಿ ಬರೆದ ಕಾಗದವನ್ನು ಬೈಬಲಿನ ಒಳಗೇ ಮಡಚಿ ಇಟ್ಟಿದ್ದೆ. ಈ ಕಹಿ ತೆಗೆದುಬಿಡು ಕರ್ತನೇ ಎಂದು ದಿನಾ ಬೇಡುತ್ತಿದ್ದೆ. ಕಾಗದ ತೆಗೆಯಲಿಲ್ಲ. ಒಂದು ಬೆಳಗ್ಗೆ ಪ್ರಾರ್ಥನೆ ಮಧ್ಯೆ ಎದ್ದುಹೋಗಿ ಅದನ್ನು ನೀರು ಕಾಯಿಸುವ ಒಲೆಗೆ ಹಾಕಿದೆ. ಸಿಟ್ಟು ಅವತ್ತೇ ಹೋಗಲಿಲ್ಲ. ಆದರೆ ಆ ಭಾನುವಾರ ಅವರ ಕೈ ಹಿಡಿದು ವಂದನೆ ಹೇಳಲು ಆಯಿತು.

ಹಾಗಾಗಿ ಆ ರಾತ್ರಿಯಿಂದಲೇ ಶುರು ಮಾಡಿ. ಫೋನ್ ಎಲ್ಲಿತ್ತು, ಎಷ್ಟು ಸಲ ಎತ್ತಿ ಇಟ್ಟಿರಿ, ತಮ್ಮ ಮೊದಲು ಏನಂದರು. ಇಪ್ಪತ್ಮೂರು ವಚನ ಬೇಡ, ಯಾಕೋಬ ಒಬ್ಬನೇ ಸಾಕು. ನಾಲ್ಕು ಪುಟ ದಾಟಬೇಡಿ. ಗ್ರೀಕ್ ಪದಗಳನ್ನು ತೆಗೆಯಿರಿ.

ಇನ್ನೊಂದು ಮಾತು, ಇದು ಮುಖ್ಯ. ನನಗೆ ಕಳಿಸುವ ಮೊದಲು ತಮ್ಮನಿಗೆ ಓದಿ ಹೇಳಿ. ಇದು ಅವರ ಕಥೆಯೂ ಹೌದು. ಹಾಕಿಸಬೇಡ ಅಣ್ಣ ಅಂದರೆ ಅಲ್ಲಿಗೆ ಬಿಟ್ಟುಬಿಡಿ, ಬೇರೆ ಬರಹ ಕಳಿಸಿ. ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ನಿಮಗೆ ಜಾಗ ಇಟ್ಟಿರುತ್ತೇನೆ.

ಕರ್ತನಲ್ಲಿ ನಿಮ್ಮ ಸಹೋದರ,
ಸಂಪಾದಕ