ಬಾಖ್‌ಗೆ ಕಾಫಿ ಅಷ್ಟು ಇಷ್ಟವಿತ್ತಾ? ಅವರ ಸಂಗೀತದಲ್ಲಿ ಮನೆತನದ ಪಾಲೆಷ್ಟು?

ಜರ್ಮನಿಯ ಸಂಗೀತ ರಚನೆಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ 1750ರಲ್ಲಿ ತೀರಿಕೊಂಡಾಗ ಮನೆಯ ಸಾಮಾನಿನ ಪಟ್ಟಿ ಮಾಡಿದರು. ಅದರಲ್ಲಿ ಬೆಳ್ಳಿಯ ಕಾಫಿ ಪಾತ್ರೆಗಳಿದ್ದವು, ದೊಡ್ಡದೊಂದು, ಚಿಕ್ಕದೊಂದು. ಇಷ್ಟವಿತ್ತು ಅನ್ನೋಕೆ ಇಷ್ಟು ಸಾಕಲ್ವಾ? ಲೈಪ್‌ಜಿಗ್ ನಗರದ ಝಿಮ್ಮರ್‌ಮನ್ ಕಾಫಿ ಮನೆಯಲ್ಲಿ 1729ರಿಂದ ಅವರ ಸಂಗೀತ ಕಚೇರಿಗಳು ನಡೆಯುತ್ತಿದ್ದವು.

ಅವರ 'ಕಾಫಿ ಕಾಂಟಾಟಾ' (ವಾದ್ಯಗಳ ಜೊತೆ ಹಾಡುವ ಕೃತಿ) ನನಗೆ ತುಂಬಾ ಪ್ರೀತಿಯದು. ಅದರಲ್ಲಿ ಕಾಫಿ ಬಿಡು ಅಂತ ಮಗಳನ್ನು ಅಪ್ಪ ಗದರುತ್ತಾನೆ. ದಿನಕ್ಕೆ ಮೂರು ಸಲ ಕುಡಿಯದಿದ್ದರೆ ಒಣಗಿ ಹೋಗ್ತೀನಿ ಅಂತಾಳೆ ಮಗಳು. ಮದುವೆಯ ಆಸೆಗೆ ಒಪ್ಪಿದವಳು, ಕಾಫಿ ಬೇಡ ಅನ್ನದ ಗಂಡೇ ಬೇಕು ಅಂತ ಗುಟ್ಟಾಗಿ ಸುದ್ದಿ ಹಬ್ಬಿಸುತ್ತಾಳೆ!

ಮನೆತನದ ಪಾಲು ಇನ್ನೂ ಜಾಸ್ತಿ. ಬಾಖ್‌ರ ಅಪ್ಪ ಐಸೆನಾಕ್‌ನಲ್ಲಿ ಊರಿನ ವಾದ್ಯಗಾರ, ಅಣ್ಣ ಚರ್ಚಿನ ಆರ್ಗನ್ ವಾದಕ. ಜನ ಚರ್ಚಿನಲ್ಲಿ ಹಾಡುತ್ತಿದ್ದ ಸರಳ ಲೂಥರನ್ (ಪ್ರೊಟೆಸ್ಟಂಟ್ ಕ್ರೈಸ್ತ ಪಂಥದ) ಧಾಟಿಗಳೇ ಅವರ ಎಷ್ಟೋ ಕೃತಿಗಳಿಗೆ ಬೆನ್ನೆಲುಬು.